ಅಪ್ಪ ಓದುತ್ತಿದ್ದ ಕೈ

ಹುಬ್ಬಳ್ಳಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ಭಾರ್ಗವಿ ಬಡಿಗೇರಳನ್ನು ಕಾಗದದ ಮೇಲೆ ಹುಲಿ, ಪರದೆಯ ಮೇಲೆ ಇಲಿ ಎಂದು ಆಡಿಕೊಳ್ಳುತ್ತಿದ್ದರು. ಪಾಪ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ವರ್ಷವಿಡೀ ಅವಳು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ದಿನಕ್ಕೆ ನೂರು ಸ್ಕೆಚ್ ಮಾಡಿದವಳು. ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗಿದವರು, ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿಯುವವರು, ಬಸ್ಸು ತಪ್ಪಿದ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುವವರು, ಯಾರೂ ಅವಳ ಪೆನ್ಸಿಲಿನಿಂದ ಪಾರಾಗುತ್ತಿರಲಿಲ್ಲ. ಎರಡನೆಯ ವರ್ಷ ಡಿಜಿಟಲ್ ಇಲಸ್ಟ್ರೇಶನ್ ಶುರುವಾಯಿತು ನೋಡಿ, ಹುಲಿ ಬಾಲ ಮುದುರಿಕೊಂಡಿತು.

ಕಾಲೇಜಿನ ಟ್ಯಾಬ್ಲೆಟ್ಟಿನಲ್ಲಿ ಕೈ ಇಲ್ಲಿ, ಗೆರೆ ಅಲ್ಲಿ. ಮೇಜಿನ ಮೇಲಿನ ಕಪ್ಪು ಹಲಗೆಯ ಮೇಲೆ ಪೆನ್ನು ಓಡಿಸಬೇಕು, ಚಿತ್ರ ಮಾತ್ರ ಎದುರಿನ ಪರದೆಯಲ್ಲಿ ಮೂಡುತ್ತದೆ. ಭಾರ್ಗವಿ ಪರದೆ ನೋಡುವುದು ಬಿಟ್ಟು ಕೈಯನ್ನೇ ನೋಡುತ್ತ ಕೂರುತ್ತಿದ್ದಳು. ಎಣ್ಣೆ ಸವರಿದ ಹಂಚಿನ ಮೇಲೆ ಬರೆದ ಹಾಗೆ ಪೆನ್ನು ಜಾರುತ್ತಿತ್ತು. ಆಕಾಶ, ಮನುಷ್ಯ, ಅವನ ಅಂಗಿ ಎಲ್ಲವನ್ನೂ ಬೇರೆ ಬೇರೆ ಪದರದಲ್ಲಿಡದೆ ಒಂದೇ ಲೇಯರಿನಲ್ಲಿ ಬಿಡಿಸಿ, ಮೀಸೆ ಅಳಿಸಲು ಹೋಗಿ ಕೆನ್ನೆಯನ್ನೂ ಅಳಿಸಿ ಕೂತದ್ದುಂಟು. ಒಂದು ದಿನವಂತೂ ಗೆರೆ ಅಳಿಸಿದ ಮೇಲೆ ರಬ್ಬರಿನ ಪುಡಿ ಊದುವ ಹಳೇ ಚಾಳಿಯಲ್ಲಿ ಟ್ಯಾಬ್ಲೆಟ್ಟಿನ ಮೇಲೆ ಬಾಗಿ ಉಫ್ ಎಂದು ಊದಿಬಿಟ್ಟಳು. ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಕ್ಕದಲ್ಲಿ ಕೂರುತ್ತಿದ್ದ ಇಮ್ತಿಯಾಜ್ ನದಾಫ್ ತನ್ನ ಕರವಸ್ತ್ರ ತೆಗೆದು, “ತಗೋ ತಂಗಿ, ಧೂಳ ಒರಸು” ಎಂದ.

ಪಾಠ ಹೇಳುತ್ತಿದ್ದ ಅರವಟಗಿ ಸರ್ ನಗಲಿಲ್ಲ. ಹತ್ತಿರ ಬಂದು ಅವಳ ಪರದೆ ನೋಡಿದರು.

“ನಿನ್ನ ಗೆರಿ ನಡಗತೈತಿ ತಂಗಿ. ಕಾಗದದ ಮ್ಯಾಗ ಅದು ಚಂದ ಕಾಣತೈತಿ, ಇಲ್ಲಿ ಕಾಣಂಗಿಲ್ಲ. ಈಗಿನ ಸ್ಟುಡಿಯೋದಾಗ ಇಂಥಾ ಗೆರಿ ಯಾರೂ ಮುಟ್ಟಂಗಿಲ್ಲ. ಎಳದ ಗೆರಿ ಅಳಸೂ ಅಂಡೂ ಗುಂಡಿ ಇರೂದು ಯಾಕ? ತಪ್ಪಾತು, ಅಂಡೂ ಒತ್ತು, ಮತ್ತ ಎಳಿ. ಬರೂ ತಿಂಗಳಿಂದ ನಿಮಗೆಲ್ಲ ಕಡಗ ಬರತಾವು. ಆಮ್ಯಾಲ ನೋಡುವಂತಿ.”

ಕಡಗ ಎಂದರೆ ಏನೆಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ ಒಂದು ಸಂಶೋಧನಾ ಸಂಸ್ಥೆ ಹೊಸದಾಗಿ ಲ್ಯಾಬು ಮಾಡಿದೆ, ಅಲ್ಲಿಂದ ಬರುತ್ತದೆ ಎಂಬುದಷ್ಟೇ ಸುದ್ದಿ.

ಕೇಶ್ವಾಪುರದ ಬಾಡಿಗೆ ಮನೆಯಲ್ಲಿ ಅವಳ ಅಪ್ಪ ಕಾಳಪ್ಪ ಕಿಟಕಿ ಪಕ್ಕದ ಮಂಚದ ಮೇಲೆ ಕೂತಿರುತ್ತಿದ್ದ. ಇಪ್ಪತ್ತಾರು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಲೇಥ್ ಯಂತ್ರದ ಮುಂದೆ ನಿಂತ ಮನುಷ್ಯ. ಕಬ್ಬಿಣದ ಮೇಲೆ ಹೆಬ್ಬೆರಳಾಡಿಸಿ ಕೂದಲೆಳೆಯ ವ್ಯತ್ಯಾಸ ಹೇಳುತ್ತಿದ್ದವನು. ಭಾರ್ಗವಿ ಹತ್ತನೇ ತರಗತಿಯಲ್ಲಿದ್ದಾಗ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಅದರ ಜೊತೆ ಮಾತೂ ಹೋಯಿತು. ಬರೀ ಬಾಯಿಯ ಮಾತಲ್ಲ, ಕಿವಿಯ ಮಾತೂ ಹೋಯಿತು. ಎದುರಿಗಿದ್ದವರು ಆಡಿದ್ದು ಅವನಿಗೆ ಸಂತೆಯ ಗದ್ದಲದ ಹಾಗೆ ಕೇಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಎಡಗೈಯಿಂದ ಬೇಕಾದ್ದನ್ನು ತೋರಿಸಲೂ ಬರುತ್ತಿರಲಿಲ್ಲ. ತೋರಿಸಹೋದ ಕೈ ನಡುವೆಯೇ ದಾರಿ ತಪ್ಪಿ ತೊಡೆಯ ಮೇಲೆ ಬೀಳುತ್ತಿತ್ತು. ತಲೆಯಾಡಿಸುವುದು, ನಗುವುದು, ಅಳುವುದು, ಇಷ್ಟೇ ಉಳಿದದ್ದು.

ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಅದರಲ್ಲಿ ನೀರಿನ ಫೋಟೋ, ಅನ್ನದ ಫೋಟೋ, ಹಾಸಿಗೆಯ ಫೋಟೋ. ಕಾಳಪ್ಪ ಅದನ್ನು ನೋಡಿ ಮುಖ ತಿರುಗಿಸಿದ. ಒಂದು ಮಧ್ಯಾಹ್ನ ಭಾರ್ಗವಿ ಬೇಸತ್ತು ನೋಟುಬುಕ್ಕಿನಲ್ಲಿ ಚಹಾದ ಕಪ್ಪು ಬರೆಯತೊಡಗಿದಳು. ಅವಳು ಕಪ್ಪನ್ನು ಯಾವಾಗಲೂ ಹಿಡಿಕೆಯಿಂದ ಶುರುಮಾಡುವವಳು, ಹಿಡಿಕೆ ಸೊಟ್ಟಗೇ ಬರುತ್ತಿತ್ತು, ಆಮೇಲೆ ಗೆರೆ ಒಮ್ಮೆ ತಡವರಿಸಿ ಕೆಳಗಿಳಿಯುತ್ತಿತ್ತು. ಹಿಡಿಕೆ ಮುಗಿಯುವ ಮೊದಲೇ ಅಪ್ಪ ಹೌದೆಂದು ಜೋರಾಗಿ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ನಾಲ್ಕು ವರ್ಷ ಆ ಮನೆಯ ಮಾತುಕತೆ ಹಾಗೇ ನಡೆಯಿತು. ಬಿಸಿನೀರೆಂದರೆ ಬಕೀಟು ಮತ್ತು ಮೂರು ಅಂಕುಡೊಂಕು ಹಬೆ. ಸಂಡಾಸೆಂದರೆ ಕೊಂಡಿ ಬಾಗಿದ ಬಾಗಿಲು. ಹುಬ್ಬೇರಿಸಿದ ಉದ್ದ ಮೂಗಿನ ಹೆಂಗಸು ಬಂದರೆ ಅವ್ವ ಸಿಟ್ಟಾಗಿದ್ದಾಳೆ ಎಂದರ್ಥ; ಅದನ್ನು ಬರೆದಾಗ ಅಪ್ಪ ಮಂಚ ಅಲುಗುವ ಹಾಗೆ ನಗುತ್ತಿದ್ದ.

ಮಾತಿನ ತರಬೇತಿ ಕೊಡಲು ಬರುತ್ತಿದ್ದ ಡಾಕ್ಟರರು ಇದನ್ನು ಕೆಲವು ದಿನ ಗಮನಿಸಿ ಭಾರ್ಗವಿಗೆ ಒಂದು ಮಾತು ಹೇಳಿದ್ದರು. “ಅವರು ಚಿತ್ರ ನೋಡಾಕತ್ತಿಲ್ಲಮ್ಮ, ನಿನ್ನ ಕೈ ನೋಡಾಕತ್ತಾರ. ಕೈ ಎಲ್ಲಿ ಶುರು ಮಾಡತೈತಿ, ಎಲ್ಲಿ ನಿಂದರತೈತಿ ಅನ್ನೂದನ್ನ ಓದತಾರ. ಸಣ್ಣಾಕಿ ಇದ್ದಾಗಿಂದ ನಿನ್ನ ಕೈ ನೋಡ್ಯಾರಲ್ಲ.” ಭಾರ್ಗವಿ ಹೆಮ್ಮೆಯಿಂದ ನಕ್ಕಳು. ಆ ಮಾತಿನ ತೂಕ ಆಗ ಅವಳಿಗೆ ತಿಳಿಯಲಿಲ್ಲ.

ಕಡಗ ಬಂತು. ಬೂದು ಬಣ್ಣದ, ಎರಡು ಬೆರಳಗಲದ ಪಟ್ಟಿ. ಬರೆಯುವ ಕೈಯ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಅದನ್ನು ರೂಪಿಸಿದ ಡಾಕ್ಟರ್ ವೈಜಯಂತಿ ಸಬನೀಸ ತಾವೇ ತರಗತಿಗೆ ಬಂದು ವಿವರಿಸಿದರು. ತೆಳ್ಳಗಿನ, ನಿದ್ದೆಗೆಟ್ಟ ಮುಖದ ಹೆಂಗಸು, ಮಾತು ಮೆಲ್ಲಗೆ.

“ನೀವು ಒಂದು ಗೆರಿ ಎಳದ ಮ್ಯಾಲೆ ಎರಡು ಮೂರು ಸೆಕೆಂಡು ಅದರ ನೆನಪು ಮಿದುಳಿನ್ಯಾಗ ಹಸಿ ಇರ್ತದ. ಆ ಹೊತ್ತಿನ್ಯಾಗ ನೀವು ಅಂಡೂ ಒತ್ತಿದ್ರ, ಕಡಗ ನರಕ್ಕ ಒಂದು ಸಣ್ಣ ಮಿಡಿತ ಕೊಡ್ತದ. ಈ ಚಲನೆ ಬ್ಯಾಡ ಅಂತ ಮಿದುಳಿಗೆ ತಿಳಿಸ್ತದ. ಒಂದು ಸಲಕ್ಕ ಏನೂ ಆಗೂದಿಲ್ಲ. ನೂರು ಸಲ ಆದ್ರ, ಯಾರೂ ಅಡ್ಡಾಡದ ಕಾಲುದಾರಿ ಹುಲ್ಲು ಬೆಳದು ಮುಚ್ಚಿ ಹೋಗೂ ಹಂಗ ಆ ದಾರಿ ಮುಚ್ಚತದ. ತಪ್ಪು ಬರೀ ಪರದೆಯಿಂದ ಅಲ್ಲ, ಕೈಯಿಂದನ ಹೋಗ್ತದ.”

“ಯಾವುದು ತಪ್ಪು ಅಂತ ಅದಕ್ಕ ಹೆಂಗ ಗೊತ್ತಾಗತೈತ್ರೀ?” ಎಂದು ಇಮ್ತಿಯಾಜ್ ಕೇಳಿದ.

“ಅದಕ್ಕ ಗೊತ್ತಾಗೂದಿಲ್ಲ. ಅಂಡೂ ಒತ್ತವರು ನೀವು.”

ಎಲ್ಲರೂ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರು. ಓದಿ ಸಹಿ ಹಾಕಿದವರು ಯಾರೂ ಇರಲಿಲ್ಲ.

ಮೊದಲ ವಾರ ಕಡಗ ಸುಮ್ಮನೆ, ಮನೆಯಲ್ಲಿ ಅಪ್ಪನಿಗೆ ಬರೆಯುವಾಗಲೂ, ಕೈಯ ಚಲನೆಗಳನ್ನು ದಾಖಲಿಸಿಕೊಂಡಿತು. ಎರಡನೇ ವಾರದಿಂದ ಅಂಡೂ ಒತ್ತಿದಾಗಲೆಲ್ಲ ಇರುವೆ ಕಚ್ಚಿದ ಹಾಗೆ ಚುರುಕ್ ಎನ್ನತೊಡಗಿತು. ತಿಂಗಳು ಕಳೆಯುವಷ್ಟರಲ್ಲಿ ಪೆನ್ನು ಜಾರುವುದು ನಿಂತಿತು. ಎರಡು ತಿಂಗಳಿಗೆ ಅವಳ ವೃತ್ತಗಳು ಕೈವಾರದಿಂದ ಬರೆದ ಹಾಗೆ ಬಂದವು. ಕೆನ್ನೆಯಿಂದ ಗದ್ದಕ್ಕೆ ಇಳಿಯುವ ಗೆರೆಯನ್ನು ಉಸಿರು ಬಿಡುವಷ್ಟು ಹೊತ್ತಿನಲ್ಲಿ, ಒಂದೇ ಸೆಳೆತಕ್ಕೆ ಎಳೆದಾಗ ಅವಳಿಗೆ ರೋಮಾಂಚನವಾಯಿತು. ಆ ಸುಖ ಸುಳ್ಳಲ್ಲ. ಕೈ ಹೇಳಿದ ಮಾತು ಕೇಳುವ ಸುಖ ಅದು, ಚಿತ್ರ ಬರೆಯುವವರಿಗೆ ಅದಕ್ಕಿಂತ ದೊಡ್ಡದು ಇನ್ನೇನಿದೆ? ಅರವಟಗಿ ಸರ್ ಅವಳ ಪರದೆಯನ್ನು ಇಡೀ ತರಗತಿಗೆ ತೋರಿಸಿದರು. ಇಲಿ ಎಂದವರೇ ಈಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವಳ ಕೈ ನೋಡಲು ಕೂತರು.

ಡಿಜಿಟಲ್ ಕಲಿಯುವ ಮಕ್ಕಳಿಗೆ ಅಂಡೂ ಒಂದು ಚಟ. ಗೆರೆ ಚೆನ್ನಾಗಿಯೇ ಬಂದಿರುತ್ತದೆ, ಆದರೂ ಬೆರಳು ತಾನಾಗಿ ಹೋಗಿ ಒತ್ತುತ್ತದೆ, ಉಗುರು ಕಚ್ಚುವವರ ಹಾಗೆ. ಭಾರ್ಗವಿಗೆ ಆ ಚಟ ಎಲ್ಲರಿಗಿಂತ ಹೆಚ್ಚು ಹತ್ತಿತು. ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದಳೇನೋ. ಆದರೆ ಅವಳು ಇನ್ನೊಂದು ಕೆಲಸ ಮಾಡಿದಳು. ಇಷ್ಟು ಒಳ್ಳೆಯ ಕೈ ಬಂದಿರುವಾಗ ಅಪ್ಪನಿಗೆ ಇನ್ನೂ ಆ ಸೊಟ್ಟ ಕಪ್ಪು, ಡೊಂಕು ಬಕೀಟು ಏಕೆ ಎನ್ನಿಸಿತು. ತರಗತಿ ಮುಗಿದ ಮೇಲೆ ಒಂದು ಗಂಟೆ ಹೆಚ್ಚಿಗೆ ಕೂತು ಮನೆಯ ಚಿತ್ರಗಳನ್ನೇ ಅಭ್ಯಾಸ ಮಾಡಿದಳು. ಕಪ್ಪಿನ ಹಿಡಿಕೆ ಸೊಟ್ಟಗೆ ಬಂತು, ಅಂಡೂ. ಹಬೆ ಅಂಕುಡೊಂಕಾಯಿತು, ಅಂಡೂ. ಅವ್ವನ ಮೂಗು ಉದ್ದವಾಯಿತು, ಅಂಡೂ. ಒಂದೊಂದು ಚಿತ್ರಕ್ಕೆ ಇನ್ನೂರು, ಮುನ್ನೂರು ಸಲ. ಪ್ರೀತಿಯಿಂದ, ಹಟದಿಂದ, ಒಂದು ದಿನವೂ ತಪ್ಪಿಸದೆ ಅವಳು ಅಪ್ಪನ ಭಾಷೆಯನ್ನು ತನ್ನ ಕೈಯಿಂದ ಒರೆಸಿ ಹಾಕಿದಳು.

ಮೊದಲು ಬದಲಾದದ್ದು ಬಹಳ ಸಣ್ಣದು. ಹಿಡಿಕೆಗೇ ತಲೆಯಾಡಿಸುತ್ತಿದ್ದ ಅಪ್ಪ ಈಗ ಪೂರ್ತಿ ಕಪ್ಪು ಮುಗಿಯುವವರೆಗೆ ಕಾಯತೊಡಗಿದ. ಭಾರ್ಗವಿ ಈಗ ಕಪ್ಪನ್ನು ಮೇಲಿನ ಅಂಡಾಕಾರದಿಂದ ಶುರುಮಾಡುತ್ತಿದ್ದಳು, ತರಗತಿಯಲ್ಲಿ ಹಾಗೇ ಕಲಿಸಿದ್ದರು. ಅಪ್ಪ ಚಿತ್ರ ಸವಿಯುತ್ತಿದ್ದಾನೆ ಎಂದುಕೊಂಡು ಅವಳು ಖುಷಿಪಟ್ಟಳು. ಆಮೇಲೆ ಚಿತ್ರ ಮುಗಿದರೂ ಅವನು ಕಾಯತೊಡಗಿದ. ಗೋಡೆಯ ಕ್ಯಾಲೆಂಡರು ನೋಡುವ ಹಾಗೆ ನೋಡುತ್ತಿದ್ದ. ಚಂದವಿದೆ, ಆದರೆ ನನಗೇನು ಎನ್ನುವ ನೋಟ.

ಅವ್ವ ಇಂದಿರವ್ವ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿರದ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು; ಭಾರ್ಗವಿ ಕಾಲೇಜಿಗೆ ಹೋದ ದಿನ ನಡುನಡುವೆ ಬಂದು ಕಾಳಪ್ಪನನ್ನು ನೋಡಿಹೋಗುವಳು, ಭಾರ್ಗವಿ ಮನೆಯಲ್ಲಿದ್ದ ದಿನ ಬರುವುದು ಮಧ್ಯಾಹ್ನ ಮೂರಕ್ಕೇ. ಒಂದು ಭಾನುವಾರ ಅಪ್ಪ ಮಂಚದ ಮೇಲೆ ಚಡಪಡಿಸತೊಡಗಿದ. ಭಾರ್ಗವಿ ನೋಟುಬುಕ್ಕು ತೆಗೆದಳು. ಕಪ್ಪು ಬರೆದಳು. ಇಲ್ಲ. ಬಕೀಟು, ಫ್ಯಾನು, ಹಾಸಿಗೆ, ಮಾತ್ರೆ. ಅಪ್ಪ ಒಂದೊಂದನ್ನೂ ನೋಡಿ ಅವಳ ಮುಖ ನೋಡಿದ. ಸಂಡಾಸಿನ ಬಾಗಿಲು ಬರೆದಳು. ಎಷ್ಟು ನೀಟಾದ ಬಾಗಿಲು, ಕೊಂಡಿಯ ನೆರಳು ಸಮೇತ. ಅಪ್ಪ ಅದನ್ನೂ ನೋಡಿದ. ಅವನ ಹಣೆಯಲ್ಲಿ ಬೆವರು ಬಂತು. ಅವಳು ಮತ್ತೆ ಕಪ್ಪು ಬರೆಯತೊಡಗಿದಾಗ ಧೋತರ ಒದ್ದೆಯಾಯಿತು, ಹಾಸಿಗೆಯೂ ಒದ್ದೆಯಾಯಿತು. ಕಾಳಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಚಿಕ್ಕ ಮಗುವಿನ ಹಾಗೆ ಅತ್ತ. ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

ಅವ್ವ ಬಂದವಳು ಮನೆ ಮುಂದಿನ ಕಟ್ಟೆಯ ಮೇಲೆ ಒಣಗಲು ಹಾಕಿದ್ದ ಹಾಸಿಗೆ ನೋಡಿದಳು.

“ಕೇಳಲಿಲ್ಲೇನ ನೀ ಅವಂಗ?”

“ಕೇಳಿದ್ಯವ್ವ. ಬಾಗಲಾ ಬರದು ತೋರಿಸಿದೆ.”

“ಎಲ್ಲಿ, ತೋರಸು.” ಇಂದಿರವ್ವ ನೋಟುಬುಕ್ಕನ್ನು ದೂರ ಹಿಡಿದು ನೋಡಿದಳು. “ಪುಸ್ತಕದಾಗಿನ ಚಿತ್ರದಂಗ ಐತಲ್ಲ ಇದು. ನೀ ಬರದಂಗ ಇಲ್ಲ.” ಅವಳು ಬೈದದ್ದಲ್ಲ, ಹೊಗಳಿದ್ದೂ ಅಲ್ಲ. ಕಂಡದ್ದನ್ನು ಹೇಳಿದಳು ಅಷ್ಟೇ.

ಭಾರ್ಗವಿ ನೋಟುಬುಕ್ಕು ವಾಪಸು ತೆಗೆದುಕೊಂಡಳು. ಅಂದೇ ಕಡಗ ಬಿಚ್ಚಿಟ್ಟು ಕಪ್ಪಿನ ಹಿಡಿಕೆಯನ್ನು ಹಳೆಯ ಹಾಗೆ ಸೊಟ್ಟಗೆ ಬರೆಯಲು ಕೂತಳು. ಬರಲಿಲ್ಲ. ಬೇಕೆಂದೇ ಸೊಟ್ಟ ಮಾಡಿದರೆ ಅದು ಸೊಗಸಾದ ಸೊಟ್ಟವಾಗಿ ಬರುತ್ತಿತ್ತು, ಅಳೆದು ಬಾಗಿಸಿದ ಹಾಗೆ. ತಡವರಿಸಲು ನೋಡಿದಳು. ತಡವರಿಸುವುದನ್ನು ಯಾರಾದರೂ ಬೇಕೆಂದು ಮಾಡಲಾದೀತೇ? ಎಡಗೈಯಲ್ಲಿ ಬರೆದಳು, ಇದ್ದಿಲಿನಲ್ಲಿ ಬರೆದಳು, ಕಣ್ಣು ಮುಚ್ಚಿಕೊಂಡು ಬರೆದಳು. ಎಡಗೈಯನ್ನು ಅಪ್ಪ ಯಾರೋ ಪರಿಚಯವಿಲ್ಲದವರ ಕೈ ನೋಡಿದ ಹಾಗೆ ನೋಡಿದ. ಹಳೆಯ ನೋಟುಬುಕ್ಕುಗಳನ್ನು ಅಟ್ಟದಿಂದ ಇಳಿಸಿ ಪುಟ ತಿರುವಿ ತೋರಿಸಿದಳು. ಅವನು ನಕ್ಕ, ಪ್ರೀತಿಯಿಂದ ಪುಟ ಸವರಿದ, ಆದರೆ ಯಾವುದಕ್ಕೂ ಹೌದು ಅಲ್ಲ ಎನ್ನಲಿಲ್ಲ. ಬರೆದು ಮುಗಿದ ಚಿತ್ರ ಅವನಿಗೆ ಆಡಿ ಮುಗಿದ ಮಾತು. ಅವನಿಗೆ ಬೇಕಾದದ್ದು ಬರೆಯುತ್ತಿರುವ ಕೈ.

ಅದೇ ವಾರ ಇಮ್ತಿಯಾಜ್ ಕ್ಯಾಂಟೀನಿನಲ್ಲಿ ಪರೀಕ್ಷೆಯ ಅರ್ಜಿ ಹಿಡಿದು ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ. ಅವನಿಗೆ ಎಲ್ಲ ಚಿತ್ರದ ಮೂಲೆಯಲ್ಲೂ ಸಹಿ ಹಾಕಿ, ಇಷ್ಟವಾಗದೆ ಅಂಡೂ ಒತ್ತಿ, ಮತ್ತೆ ಹಾಕಿ, ಮತ್ತೆ ಒತ್ತಿ ಅಭ್ಯಾಸ.

“ನನ್ನ ಸಹಿ ನಂದಲ್ಲಂತ, ಆಫೀಸಿನ್ಯಾಗ ಅಂದ್ರು. ಅಡ್ಮಿಶನ್ ಫಾರ್ಮಿನ ಸಹಿಗೆ ಕೂಡಂಗಿಲ್ಲಂತ,” ಎಂದು ನಗಲು ನೋಡಿದ. “ಹೊಸಾ ಸಹಿ ಮಾಡ್ಕೊಂಡ್ರಾತು, ಬಿಡು.”

“ನಿಂದು ಹೊಸಾದ್ ಮಾಡಬಹುದಣ್ಣ,” ಎಂದಳು ಭಾರ್ಗವಿ. ಎದ್ದು ಮೂರನೇ ಮಹಡಿ ಹತ್ತಿದಳು.

ಡಾಕ್ಟರ್ ಸಬನೀಸ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅವಳ ದಾಖಲೆಯನ್ನು ಪರದೆಯ ಮೇಲೆ ತೆರೆದರು. ಮೂರೂವರೆ ತಿಂಗಳಲ್ಲಿ ನಲವತ್ತೊಂದು ಸಾವಿರ ಅಂಡೂ.

“ಇಷ್ಟು ಯಾರೂ ಒತ್ತಿಲ್ಲ,” ಎಂದರು ಅವರು.

“ವಾಪಸ್ ತರಾಕ ಬರತೈತೇನ್ರಿ ಮೇಡಂ?”

“ಇದನ್ನ ಮಾಡಿದ್ದು ಅಳಸಲಿಕ್ಕ. ವಾಪಸ್ ತರೂದರ ಬಗ್ಗೆ ನಾವು ವಿಚಾರನ ಮಾಡಿರಲಿಲ್ಲ. ತಪ್ಪು ವಾಪಸ್ ಬೇಕು ಅಂತ ಯಾರರೆ ಬರ್ತಾರ ಅಂತ...” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೊದಲನೇ ವಾರದ ದಾಖಲೆ ಅದ. ನಿಮ್ಮ ಹಳೇ ಕೈ ಅದರಾಗ ಅದ. ಪ್ರಯತ್ನ ಮಾಡೂಣ. ತಂದೀನ್ನ ಕರ್ಕೊಂಡು ಬರ್ರಿ. ಆದ್ರ ಆಸೆ ಇಟಗೋಬ್ಯಾಡ್ರಿ.”

ಆಸೆ ಇಟ್ಟುಕೊಳ್ಳಬೇಡ ಎಂದರೆ ಯಾರು ಕೇಳುತ್ತಾರೆ? ಮರುದಿನವೇ ಇಂದಿರವ್ವ ಖಾನಾವಳಿಗೆ ರಜೆ ಹೇಳಿದಳು. ಕಾಳಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಆಟೋದಲ್ಲಿ ಕರೆತಂದರು. ಲ್ಯಾಬಿನ ಯಂತ್ರಗಳನ್ನು ಕಂಡು ಅವನ ಕಣ್ಣು ಅರಳಿತು. ಮೇಜಿನ ಅಂಚಿನ ಕಬ್ಬಿಣದ ಪಟ್ಟಿಯ ಮೇಲೆ ಎಡಗೈ ಹೆಬ್ಬೆರಳಾಡಿಸಿ ನೋಡಿದ.

ಮೊದಲು ಹಳೆಯ ಗೆರೆಗಳನ್ನು ಪರದೆಯ ಮೇಲೆ ಓಡಿಸಿದರು. ಪೆನ್ನಿಲ್ಲದೆ, ಕೈಯಿಲ್ಲದೆ, ಸೊಟ್ಟ ಹಿಡಿಕೆಯೊಂದು ತಾನಾಗಿ ಮೂಡಿತು. ಕಾಳಪ್ಪ ಒಂದು ಕ್ಷಣ ನೋಡಿ, ಪರದೆ ಬಿಟ್ಟು ಮಗಳ ಮಡಿಲಲ್ಲಿ ಸುಮ್ಮನಿದ್ದ ಕೈ ನೋಡಿದ.

“ಹಂಗಾದ್ರ ಇದನ್ನ ನಿಮ್ಮ ಕೈಯಿಂದನ ಬರಸಬೇಕು,” ಎಂದರು ಸಬನೀಸ. ಮೊಣಕೈವರೆಗೆ ಬರುವ ಒಂದು ಉದ್ದನೆಯ ಪಟ್ಟಿ ತಂದು ಭಾರ್ಗವಿಗೆ ಕಟ್ಟಿದರು. ಹಳೆಯ ದಾಖಲೆಯ ಪ್ರಕಾರ ಅದು ಅವಳ ಸ್ನಾಯುಗಳನ್ನು ಮಿಡಿಯುತ್ತದೆ. ಕೈ ತಾನಾಗಿ ಹಳೆಯ ಗೆರೆ ಎಳೆಯಬೇಕು. ಭಾರ್ಗವಿ ಪೆನ್ಸಿಲು ಹಿಡಿದಳು. ಎದುರಿಗೆ ಅಪ್ಪ, ನಡುವೆ ಬಿಳಿ ಹಾಳೆ.

ಕೈ ಹೊರಟಿತು. ಹಿಡಿಕೆಯ ಮೊದಲ ಬಾಗು, ಸೊಟ್ಟಗೆ, ಅವಳದೇ ಸೊಟ್ಟ. ಕಾಳಪ್ಪ ಥಟ್ಟನೆ ಮುಂದಕ್ಕೆ ಬಾಗಿದ. ಅವನ ತುಟಿ ಅದುರಿತು. ಬಾಗಿಲಲ್ಲಿ ನಿಂತಿದ್ದ ಇಂದಿರವ್ವ “ಗುರ್ತು ಹಿಡದ, ಗುರ್ತು ಹಿಡದ!” ಎಂದು ಕೂಗಿದಳು. ಅಷ್ಟರಲ್ಲಿ ಭಾರ್ಗವಿಯ ಬೆರಳುಗಳು ಸೆಟೆದು ನಿಂತವು. ಪೆನ್ಸಿಲಿನ ಮೊನೆ ಹಾಳೆಯ ಮೇಲೆ ಗೀಚಿ ಮುರಿಯಿತು. ನೂರಾರು ಸಲ ಬೇಡವೆಂದು ಕಲಿತ ಮಿದುಳು ಅರ್ಧ ದಾರಿಯಲ್ಲಿ ಎಚ್ಚೆತ್ತು ಕೈ ಹಿಡಿದು ನಿಲ್ಲಿಸಿತ್ತು.

“ಇನ್ನೊಮ್ಮೆ,” ಎಂದಳು ಭಾರ್ಗವಿ.

ಇನ್ನೊಮ್ಮೆಯೂ ಹಾಗೇ ಆಯಿತು. ಮೂರನೆಯ ಸಲ ಗೆರೆ ಇನ್ನೂ ಬೇಗ ಮುರಿಯಿತು. ಪ್ರತಿ ಸಲವೂ ಅಪ್ಪ ಮುಂದಕ್ಕೆ ಬಾಗುತ್ತಿದ್ದ, ಹಿಂದೆ ಸರಿಯುತ್ತಿದ್ದ. ಆರನೆಯ ಸಲಕ್ಕೆ ಅವನು ಬಾಗಲು ಶುರುಮಾಡುವಷ್ಟರಲ್ಲಿ ಕೈ ನಿಂತುಬಿಟ್ಟಿತು.

ಸಬನೀಸ ಎದ್ದು ಯಂತ್ರ ಆರಿಸಿದರು. “ಸಾಕು, ನಿಲ್ಲಸ್ರಿ. ನೀವು ತಡದಾಗೊಮ್ಮೆ ಆ ತಡೆ ಗಟ್ಟಿ ಆಗಲಿಕ್ಕತ್ತದ. ಉಳದ ಚೂರೂ ಹೋಗ್ತದ.”

“ಒಂದ್ ಸಲ ಮೇಡಂ. ಒಂದ ಒಂದ್ ಸಲ.”

“ಹೋಗ್ತದ, ಅಂದೆನಲ್ಲ.”

“ಹೋದ್ರ ಹೋಗಲ್ರಿ. ಅವನ ಮಾರಿ ನೋಡಿದ್ರೇನ ನೀವು?”

ಸಬನೀಸ ನೋಡಿದ್ದರು. ಅವರು ಮತ್ತೆ ಯಂತ್ರ ಹಾಕಿದರು. ಏಳನೆಯ ಸಲ ಪೆನ್ಸಿಲು ಹಾಳೆಗೆ ತಾಗಿತು, ಚಲಿಸಲಿಲ್ಲ. ಹಾಳೆಯ ಮೇಲೆ ಒಂದು ಚುಕ್ಕೆ ಬಿತ್ತು ಅಷ್ಟೇ. ಕಾಳಪ್ಪ ಬಾಗಲಿಲ್ಲ.

ಪರೀಕ್ಷೆಯಲ್ಲಿ ಭಾರ್ಗವಿಗೆ ಮೊದಲ ಸ್ಥಾನ ಬಂತು. ಒಂದು ಸ್ಟುಡಿಯೋದವರು ಒಂದನೇ ತರಗತಿಯ ಪಠ್ಯಪುಸ್ತಕಕ್ಕೆ ಅವಳಿಂದ ಚಿತ್ರ ಬರೆಸಿದರು. ಆ ಎಂದರೆ ಆನೆ, ಈ ಎಂದರೆ ಈಚಲು. ಅಕ್ಷರ ಬಾರದ ಮಗುವಿಗೂ ನೋಡಿದ ಕೂಡಲೇ ತಿಳಿಯುವ ಚಿತ್ರಗಳು ಎಂದು ಅರವಟಗಿ ಸರ್ ಬೆನ್ನು ತಟ್ಟಿದರು. ಭಾರ್ಗವಿ ಹೌದ್ರಿ ಸರ ಎಂದಳು. ಕಡಗ ಈಗ ಅವಳಿಗೆ ಬೇಕಾಗಿಯೇ ಇರಲಿಲ್ಲ. ತೆಗೆದಿಟ್ಟರೂ ಕೈ ತಪ್ಪುತ್ತಿರಲಿಲ್ಲ.

ಮನೆಯಲ್ಲಿ ಅವ್ವ ಗಡಿಯಾರ ನೋಡಿ ಎಲ್ಲ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಎರಡು ತಾಸಿಗೊಮ್ಮೆ ಸಂಡಾಸು, ನಾಲ್ಕಕ್ಕೆ ಚಹಾ, ಎಂಟಕ್ಕೆ ಊಟ. ಅಪ್ಪನಿಗೆ ಏನು ಬೇಕು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆದರೂ ಭಾರ್ಗವಿ ಬರೆಯುವುದು ಬಿಡಲಿಲ್ಲ. ದಿನವೂ ಸಂಜೆ ಮಂಚದ ಪಕ್ಕ ಕೂತು ಒಂದಿಷ್ಟು ಚಿತ್ರ ಬರೆಯುತ್ತಿದ್ದಳು. ಹೊಸ ಕೈಯನ್ನೂ ಅಪ್ಪ ಎಂದಾದರೂ ಕಲಿತಾನು ಎಂಬ ಆಸೆ.

ಶ್ರಾವಣದ ಒಂದು ಸಂಜೆ ಅವಳು ಬಾಳೆಹಣ್ಣು ಬರೆದಾಗ ಅಪ್ಪ ತಲೆಯಾಡಿಸಿದ.

ಭಾರ್ಗವಿಗೆ ನಂಬಿಕೆಯಾಗಲಿಲ್ಲ. ಓಡಿಹೋಗಿ ಬಾಳೆಹಣ್ಣು ತಂದಳು. ಅಪ್ಪ ತಿಂದ. ಮರುದಿನ ಫ್ಯಾನು ಬರೆದಳು, ತಲೆಯಾಡಿಸಿದ. ಫ್ಯಾನು ಹಾಕಿದಳು. ಚಾದರ ಬರೆದಳು, ತಲೆಯಾಡಿಸಿದ. ಹೊದಿಸಿದಳು. ಇಂದಿರವ್ವನ ಸಂಭ್ರಮಕ್ಕೆ ಪಾರವಿಲ್ಲ. ಓಣಿಯ ನಾಲ್ಕು ಮನೆಗೆ ಹೋಗಿ, “ನಮ್ಮ ಮನಿಯವರು ಮತ್ತ ಮಾತಾಡಾಕತ್ತಾರ” ಎಂದು ಹೇಳಿ ಬಂದಳು. ಆ ವಾರ ಮನೆಯಲ್ಲಿ ಹೋಳಿಗೆ ಆಯಿತು. ಭಾರ್ಗವಿ ತಿಂಗಳುಗಳ ಮೇಲೆ ಹೊಟ್ಟೆ ತುಂಬ ಉಂಡಳು. ಲ್ಯಾಬಿಗೆ ಫೋನು ಮಾಡಿ ಸಬನೀಸ ಮೇಡಂಗೂ ತಿಳಿಸಿದಳು. ಅತ್ತ ಕಡೆಯಿಂದ “ಭಾಳ ಛಲೋ ಆತು” ಎಂಬ ಧ್ವನಿ ಕೇಳಿತು.

ಹನ್ನೊಂದನೆಯ ದಿನ ಅವಳಿಗೆ ಒಂದು ಸಂಗತಿ ಹೊಳೆಯಿತು. ಈ ಹತ್ತು ದಿನದಲ್ಲಿ ಅಪ್ಪ ಒಮ್ಮೆಯೂ ಅಲ್ಲ ಎಂದಿರಲಿಲ್ಲ.

ಆ ಸಂಜೆ ಅವ್ವ ಅಡುಗೆಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಭಾರ್ಗವಿ ನೋಟುಬುಕ್ಕು ತೆರೆದು ಒಂಟೆ ಬರೆದಳು. ಎರಡು ನಿಮಿಷದ ಕೆಲಸ, ಡುಬ್ಬ, ಉದ್ದ ಕುತ್ತಿಗೆ, ಜೋತ ತುಟಿ, ಎಲ್ಲ ಜೀವಂತ. ಅದರ ಪಕ್ಕದಲ್ಲಿ ಊಟದ ತಟ್ಟೆ ಬರೆದು, ಒಂಟೆಯನ್ನು ತಟ್ಟೆಗೆ ಹಾಕುವ ಹಾಗೆ ಬಾಣದ ಗುರುತು ಎಳೆದಳು. ಮೊದಲಿನ ಅಪ್ಪನಾಗಿದ್ದರೆ ಮಂಚ ಅಲುಗಿಸಿ ನಕ್ಕು, ಅವಳ ತಲೆಗೆ ಎಡಗೈಯಿಂದ ಮೊಟಕುತ್ತಿದ್ದ.

ಅವಳು ಹಾಳೆ ನೋಡದೆ ಅಪ್ಪನನ್ನೇ ನೋಡಿದಳು. ಅವನೂ ಹಾಳೆ ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಮುಖದ ಮೇಲಿತ್ತು. ಅವಳ ಕೈ ಯಾವಾಗ ನಿಲ್ಲುತ್ತದೆ ಎಂದು ಕಾದು, ನಿಂತ ಕೂಡಲೇ ಹೌದು ಎಂದು ತಲೆಯಾಡಿಸಿದ. ತಲೆಯಾಡಿಸಿದರೆ ಮಗಳು ನಗುತ್ತಾಳೆ ಎಂಬುದನ್ನು ಅವನು ಕಲಿತುಬಿಟ್ಟಿದ್ದ. ಬಾಳೆಹಣ್ಣು ಅವನಿಗೆ ಬೇಕಿರಲಿಲ್ಲ, ಚಾದರವೂ ಬೇಕಿರಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದು ತಿಂದಿದ್ದ, ಹೊದ್ದುಕೊಂಡಿದ್ದ.

ಅವಳು ನಗಲಿಲ್ಲ. ಅಪ್ಪನ ಮುಖದಲ್ಲಿ ಗಾಬರಿ ಕಾಣಿಸಿತು. ತಾನು ಎಲ್ಲೋ ತಪ್ಪಿದೆ ಎಂದುಕೊಂಡು ಇನ್ನೂ ಜೋರಾಗಿ ತಲೆಯಾಡಿಸಿದ, ಮತ್ತೆ ಮತ್ತೆ ಆಡಿಸಿದ. ಭಾರ್ಗವಿ ಕಷ್ಟಪಟ್ಟು ತುಟಿ ಅಗಲಿಸಿ ನಕ್ಕಳು. ಅವನು ನಿರಾಳವಾಗಿ ದಿಂಬಿಗೆ ಒರಗಿದ.

“ಏನಂತಾನ ನಿಮ್ಮಪ್ಪ?” ಎಂದು ಅಡುಗೆಮನೆಯಿಂದ ಅವ್ವ ಕೂಗಿ ಕೇಳಿದಳು.

ಭಾರ್ಗವಿ ಆ ಹಾಳೆಯನ್ನು ಹರಿದು, ಸಣ್ಣಗೆ ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

“ಆರಾಮ ಅದೀನಿ ಅಂತಾನವ್ವ,” ಎಂದಳು.